ಪಿಕಪ್ಪಿನ ಬ್ರೇಕ್ ಬೂಸ್ಟರ್: ದೊಡ್ಡದು ಹಾಕೋದಾ, ಇದ್ದದ್ದನ್ನೇ ಸರಿ ಮಾಡೋದಾ?

ಮಳೆಗಾಲ ಮುಗಿದು ಘಟ್ಟದ ರಸ್ತೆ ಒಣಗಿತು ಅಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧ ಇದೇ ವಿಷಯದ್ದು. "ಬ್ರೇಕ್ ಕಲ್ಲಾಗಿದೆ ಮಾರಾಯಾ, ದೊಡ್ಡ ಬೂಸ್ಟರ್ ಹಾಕಿಬಿಡ್ಲಾ?" ಕೇಳುವವರು ಮೂರು ಥರ. ಕಾರವಾರದ ಬೈತಖೋಲ ಬಂದರಿನಿಂದ ಮೀನು ತುಂಬಿಕೊಂಡು ಹೆದ್ದಾರಿ 66ರಲ್ಲಿ ಓಡುವವರು. ಶಿರಸಿಯಿಂದ ಅಡಿಕೆ, ಬಾಳೆಗೊನೆ ಹೇರಿಕೊಂಡು ದೇವಿಮನೆ ಘಾಟಿ ಇಳಿಯುವವರು. ಮತ್ತೆ ಮನೆಗೂ ತೋಟಕ್ಕೂ ಒಂದೇ ಡಬಲ್ ಕ್ಯಾಬಿನ್ ಇಟ್ಟುಕೊಂಡವರು. ಪ್ರಶ್ನೆ ಒಂದೇ ಆದರೂ ಮೂವರಿಗೂ ಉತ್ತರ ಒಂದೇ ಅಲ್ಲ.

ನಾನು ಮೆಕ್ಯಾನಿಕ್ ಅಲ್ಲ. ಅಂಕೋಲೆಯಲ್ಲಿ ಮನೆ, ಮನೆ ಪಕ್ಕ ಒಂದು ಶೀಟಿನ ಮಾಡು, ಅದರ ಕೆಳಗೆ ಹನ್ನೆರಡು ವರ್ಷದ ಒಂದು ಡೀಸೆಲ್ ಪಿಕಪ್. ಅದರ ಬ್ರೇಕಿನ ಹಿಂದೆ ಬಿದ್ದು ಸಾಕಷ್ಟು ದುಡ್ಡು, ಒಂದು ಜೊತೆ ಪ್ಯಾಡು ಮತ್ತು ಸ್ವಲ್ಪ ಮರ್ಯಾದೆ ಕಳೆದುಕೊಂಡಿದ್ದೇನೆ. ಆ ಕಥೆ ಮುಂದೆ ಬರುತ್ತದೆ.

ಮೊದಲು ಬೂಸ್ಟರ್ ಮಾಡುವ ಕೆಲಸ ಏನು ಅಂತ ನೋಡಿ. ಪೆಡಲ್ಲಿಗೂ ಮಾಸ್ಟರ್ ಸಿಲಿಂಡರಿಗೂ (ಕಾಲಿನ ಬಲವನ್ನು ಬ್ರೇಕ್ ಆಯಿಲಿನ ಒತ್ತಡವಾಗಿ ಚಕ್ರಗಳಿಗೆ ಕಳಿಸುವ ಸಿಲಿಂಡರ್) ನಡುವೆ ಕಡಾಯಿಯ ಹಾಗೆ ಕಾಣುವ ಕಪ್ಪು ಡಬ್ಬಿ ಇದೆಯಲ್ಲ, ಅದೇ. ಒಳಗೆ ರಬ್ಬರಿನ ಒಂದು ದೊಡ್ಡ ಪರದೆ. ಪರದೆಯ ಎರಡೂ ಕಡೆಯಿಂದ ಗಾಳಿ ಎಳೆದು ವ್ಯಾಕ್ಯೂಮ್ ಮಾಡಿಟ್ಟಿರುತ್ತದೆ. ಪೆಡಲ್ ಒತ್ತಿದಾಗ ಹಿಂದಿನ ಕಡೆ ಮಾತ್ರ ಹೊರಗಿನ ಗಾಳಿ ನುಗ್ಗುತ್ತದೆ. ಆ ಗಾಳಿಯ ಒತ್ತಡ ನಿಮ್ಮ ಕಾಲಿನ ಜೊತೆ ಸೇರಿ ರಾಡನ್ನು ಮುಂದಕ್ಕೆ ದೂಡುತ್ತದೆ. ಅಷ್ಟೇ. ಅಂದರೆ ಬೂಸ್ಟರ್ ಉಳಿಸುವುದು ನಿಮ್ಮ ಕಾಲಿನ ಶ್ರಮವನ್ನು. ಕಾದು ಕೆಂಪಾದ ಡ್ರಮ್ಮಿಗೆ, ಸವೆದ ಲೈನರಿಗೆ, ಬೋಳಾದ ಟೈರಿಗೆ ಅದರಿಂದ ಏನೂ ಆಗುವುದಿಲ್ಲ.

ಪೆಟ್ರೋಲ್ ಗಾಡಿಯಲ್ಲಿ ಈ ಎಳೆತ ಇಂಜಿನ್ನಿಂದಲೇ ಸಿಗುತ್ತದೆ. ಡೀಸೆಲ್‌ನಲ್ಲಿ ಸಿಗುವುದಿಲ್ಲ, ಅದಕ್ಕೆ ಬೇರೆ ಪಂಪ್ ಬೇಕು. ನಮ್ಮ ಕಡೆಯ ಬಹಳ ಪಿಕಪ್ಪುಗಳಲ್ಲಿ ಆ ಪಂಪ್ ಡೈನಮೋ ಬೆನ್ನಿಗೇ ಅಂಟಿಕೊಂಡಿರುತ್ತದೆ. ಹಾಗಾಗಿ ಬೆಲ್ಟ್ ಹರಿದರೆ ಚಾರ್ಜಿಂಗ್ ಲೈಟ್ ಹತ್ತುವುದಷ್ಟೇ ಅಲ್ಲ, ಬ್ರೇಕಿನ ಸಹಾಯವೂ ಹೋಗುತ್ತದೆ. ಘಾಟಿಯಲ್ಲಿ ಬ್ಯಾಟರಿ ಲೈಟ್ ಹತ್ತಿದರೆ "ಮನೆಗೆ ಹೋಗಿ ನೋಡಿದ್ರಾಯ್ತು" ಅನ್ನಬೇಡಿ.

ಯಾವುದು ಒಳ್ಳೆಯದು ಅಂತ ಹೋಲಿಸುವ ಮೊದಲು ಅಳತೆಗೋಲು ಬೇಕಲ್ಲ? ನಾನು ಐದನ್ನು ನೋಡುತ್ತೇನೆ. ಕಾಲಿಗೆ ನಿಜವಾಗಿ ಎಷ್ಟು ಹಗುರ ಆಗುತ್ತದೆ. ಇಂಜಿನ್ ನಿಂತುಹೋದರೆ ಎಷ್ಟು ಸಲ ಬ್ರೇಕ್ ಉಳಿಯುತ್ತದೆ. ಮನೆಯಲ್ಲಿ, ಕೈಯಲ್ಲಿರುವ ಸ್ಪ್ಯಾನರಿನಲ್ಲಿ, ಸರಿಯಾಗಿ ಕೂರಿಸಲು ಆಗುತ್ತದಾ. ಹೊನ್ನಾವರದಲ್ಲಿ ಕೆಟ್ಟು ನಿಂತರೆ ಸಾಮಾನು ಸಿಗುತ್ತದಾ, ಇಲ್ಲ ಹುಬ್ಬಳ್ಳಿ ಬಸ್ಸಿಗೆ ಪಾರ್ಸಲ್ ಹಾಕಿಸಬೇಕಾ. ಕೊನೆಯದು ಹಳದಿ ಬೋರ್ಡಿನವರಿಗೆ ಮುಖ್ಯ: ಎಫ್‌ಸಿಗೆ, ಅಂದರೆ ಗಾಡಿ ರಸ್ತೆಗೆ ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟಿಗೆ, ಹೋದಾಗ ತೊಂದರೆ ಬರುತ್ತದಾ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಸ್ಪೆಸಿಫಿಕೇಶನ್‌ಗಿಂತ ಬೇರೆಯಾಗಿ ಗಾಡಿ ಬದಲಿಸುವ ಹಾಗಿಲ್ಲ. ಸಾಗಣೆ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ. ಅಪಘಾತ ಆದರೆ ವಿಮೆಯವರು ಕೇಳುವ ಪ್ರಶ್ನೆ ಬೇರೆ. ದುಡ್ಡಿನ ಲೆಕ್ಕ ನಾನು ಬೇಕೆಂದೇ ಇಲ್ಲಿ ಸೇರಿಸಿಲ್ಲ, ಒಂದೊಂದರ ಜೊತೆಗೇ ಹೇಳುತ್ತೇನೆ.

ಮೊದಲನೇ ದಾರಿ ಯಾರಿಗೂ ಇಷ್ಟವಾಗದ ದಾರಿ. ಇರುವ ಬೂಸ್ಟರಿಗೆ ಸಿಗಬೇಕಾದ ಎಳೆತ ಪೂರ್ತಿ ಸಿಗುತ್ತಿದೆಯಾ ಅಂತ ನೋಡುವುದು.

ಇದಕ್ಕೆ ಪೈಸೆ ಖರ್ಚಿಲ್ಲ. ಇಂಜಿನ್ ಬಂದ್ ಮಾಡಿ ಪೆಡಲ್ಲನ್ನು ನಾಲ್ಕೈದು ಸಲ ಒತ್ತಿ, ಗಟ್ಟಿಯಾಗಲಿ. ಹಾಗೇ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯಲಿಲ್ಲ ಅಂದರೆ ಎಳೆತ ಇಲ್ಲ, ಇಲ್ಲವೇ ಬೂಸ್ಟರ್ ಸತ್ತಿದೆ. ಆಮೇಲೆ ಇಂಜಿನ್ ಓಡುತ್ತಿರುವಾಗ ಪೆಡಲ್ ಒತ್ತಿ ಹಿಡಿದು ಬಂದ್ ಮಾಡಿ, ಅರ್ಧ ನಿಮಿಷ ಕಾಯಿರಿ. ಪೆಡಲ್ ಕಾಲನ್ನು ಮೇಲಕ್ಕೆ ದೂಡಿತು ಅಂದರೆ ಎಲ್ಲೋ ಗಾಳಿ ಸೋರುತ್ತಿದೆ. ಪೆಡಲ್ ಹತ್ತಿರ ಕಿವಿ ಇಟ್ಟರೆ ಒಮ್ಮೊಮ್ಮೆ ಹಾವು ಬುಸುಗುಟ್ಟಿದ ಹಾಗೆ ಕೇಳುವುದೂ ಉಂಟು.

ಇನ್ನೂ ಖಚಿತ ಬೇಕಾದರೆ ವ್ಯಾಕ್ಯೂಮ್ ಗೇಜ್ ಒಂದನ್ನು ತಂದುಕೊಳ್ಳಿ, ಅದೇನು ದೊಡ್ಡ ಖರ್ಚಲ್ಲ. ಬೂಸ್ಟರಿಗೆ ಹೋಗುವ ಪೈಪಿಗೆ ಸಿಕ್ಕಿಸಿ ಇಂಜಿನ್ ಐಡಲ್‌ನಲ್ಲಿ ಬಿಡಿ. ಒಳ್ಳೆಯ ಪಂಪ್ ಕರಾವಳಿಯಲ್ಲಿ ಪಾದರಸದ 25 ಇಂಚಿನ ಆಸುಪಾಸು ತೋರಿಸುತ್ತದೆ. 20ಕ್ಕಿಂತ ಕೆಳಗೇ ನಿಂತರೆ ಪಂಪ್, ಪೈಪ್, ಚೆಕ್ ವಾಲ್ವ್ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಮೂರರಲ್ಲಿ ಒಂದು ಕಳ್ಳ. ಶಿರಸಿಯವರು ಒಂದು ವಿಷಯ ನೆನಪಿಡಿ. ನೀವಿರುವುದು ಸಮುದ್ರದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ಅಲ್ಲಿ ಹೊರಗಿನ ಗಾಳಿಯೇ ತೆಳು. ಅದೇ ಗಾಡಿ ಕಾರವಾರಕ್ಕಿಂತ ಎರಡು ಇಂಚು ಕಮ್ಮಿ ತೋರಿಸಿದರೆ ಗಾಬರಿ ಬೇಡ.

ಈಗ ಒಂದು ಲೆಕ್ಕ, ಇದು ನನ್ನ ಕಣ್ಣು ತೆರೆಸಿದ್ದು. 9 ಇಂಚಿನ ಪರದೆಯ ವಿಸ್ತೀರ್ಣ ಸುಮಾರು 410 ಚದರ ಸೆಂಟಿಮೀಟರ್. 25 ಇಂಚು ಎಳೆತ ಇದ್ದರೆ ಅದು ಅಂದಾಜು 350 ಕೆಜಿ ತೂಕದಷ್ಟು ದೂಡಬಲ್ಲದು. ಎಳೆತ 15 ಇಂಚಿಗೆ ಬಿದ್ದರೆ ಅದೇ ಬೂಸ್ಟರ್ ಬರೀ 210 ಕೆಜಿ. ಅದೇ ಒಂದು 8 ಇಂಚಿನ ಸಣ್ಣ ಬೂಸ್ಟರಿಗೆ ಪೂರ್ತಿ 25 ಇಂಚು ಸಿಕ್ಕರೆ 280 ಕೆಜಿ. ಪರದೆಯ ಅಂಚು ಕೆಲಸಕ್ಕೆ ಬರುವುದಿಲ್ಲವಾದ್ದರಿಂದ ನಿಜದಲ್ಲಿ ಎಲ್ಲವೂ ಸ್ವಲ್ಪ ಕಮ್ಮಿಯೇ. ಆದರೂ ವಿಷಯ ಗೊತ್ತಾಯಿತಲ್ವಾ? ಸೋರುವ ದೊಡ್ಡ ಬೂಸ್ಟರಿಗಿಂತ ಸೋರದ ಸಣ್ಣದು ಮೇಲು.

ಪೈಪ್ ಮತ್ತು ಚೆಕ್ ವಾಲ್ವ್ ಕೆಲವು ನೂರು ರೂಪಾಯಿಯ ಮಾತು. ಪೈಪನ್ನು ಬೆರಳಲ್ಲಿ ಹಿಚುಕಿ ನೋಡಿ. ಬೆಂದ ಸಾಬೂದಾನಿಯ ಹಾಗೆ ಮೆತ್ತಗಾಗಿದ್ದರೆ ಒಳಗೆ ಆಯಿಲ್ ಸೇರಿದೆ. ಪಂಪಿಗೆ ಇಂಜಿನ್ ಆಯಿಲ್ಲೇ ಜೀವ, ಆದರೆ ಅದು ಪೈಪಿನಲ್ಲಿ ಬೂಸ್ಟರ್ ಕಡೆಗೆ ಬರಬಾರದು. ಬಂದರೆ ಪರದೆಯ ರಬ್ಬರನ್ನೇ ತಿನ್ನುತ್ತದೆ. ಆಗ ಬೂಸ್ಟರ್ ಮಾತ್ರ ಹೊಸದು ಹಾಕಿದರೆ ಅದೂ ಕೆಡುತ್ತದೆ. ಪಂಪಿಗೆ ರಿಪೇರಿ ಕಿಟ್ ಸಿಗುತ್ತದೆ. ಪೂರ್ತಿ ಪಂಪ್ ಬದಲಿಸಿದರೆ ಖರ್ಚು ಸಾವಿರಗಳಿಗೆ ಏರುತ್ತದೆ.

ಎರಡನೇ ದಾರಿ, ಅದೇ ಅಳತೆಯ ಹೊಸ ಬೂಸ್ಟರ್. ಪರದೆ ಹರಿದಿದ್ದರೆ ಇದು ಬಿಟ್ಟು ಬೇರೆ ದಾರಿಯಿಲ್ಲ. ಕೆಲವು ಸಾವಿರ ಆಗುತ್ತದೆ, ಆದರೆ ಬೋಲ್ಟು, ಬ್ರಾಕೆಟ್ಟು ಎಲ್ಲ ಕೂತ ಜಾಗಕ್ಕೇ ಕೂರುತ್ತದೆ, ಎಫ್‌ಸಿಗೆ ತಕರಾರಿಲ್ಲ. ತೆಗೆಯುವ ಮೊದಲು ಮಾಸ್ಟರ್ ಸಿಲಿಂಡರಿನ ಕೆಳಗೆ ನೋಡಿ. ಬ್ರೇಕ್ ಆಯಿಲ್ ನೆಲಕ್ಕೆ ಹನಿಯದೆ ಅದರ ಡಬ್ಬಿಯಲ್ಲಿ ಮಾತ್ರ ಕಮ್ಮಿಯಾಗುತ್ತಿದ್ದರೆ, ಬೂಸ್ಟರಿನ ಮುಖದ ಬಣ್ಣ ಗುಳ್ಳೆ ಎದ್ದಿದ್ದರೆ, ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಬೂಸ್ಟರಿನೊಳಗೇ ಸೋರುತ್ತಿದೆ ಅಂತ ಅರ್ಥ. ಆಗ ಎರಡನ್ನೂ ಬದಲಿಸಬೇಕು. ಸೀಲ್ ಸರಿ ಇದ್ದರೆ ಕಬ್ಬಿಣದ ಪೈಪುಗಳನ್ನು ಬಿಚ್ಚದೆ, ಸಿಲಿಂಡರನ್ನು ಹಾಗೇ ಮೆಲ್ಲಗೆ ಮುಂದಕ್ಕೆ ಸರಿಸಿ ಬೂಸ್ಟರ್ ತೆಗೆಯಲು ಬಹಳ ಗಾಡಿಗಳಲ್ಲಿ ಆಗುತ್ತದೆ, ಏರ್ ತೆಗೆಯುವ (ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ಹೊರಹಾಕುವ) ಕೆಲಸ ತಪ್ಪುತ್ತದೆ. ಆದರೆ ಮೀನಿನ ಗಾಡಿಯವರು ಇದನ್ನು ಮಾಡಬೇಡಿ. ಐಸಿನ ಉಪ್ಪುನೀರು ವರ್ಷಗಟ್ಟಲೆ ಸೋರಿ ತುಕ್ಕು ಹಿಡಿದ ಪೈಪನ್ನು ಬಗ್ಗಿಸಿದರೆ ಲಟಕ್ ಅನ್ನುತ್ತದೆ.

ಮೂರನೇ ದಾರಿಗೆ ಎಲ್ಲರ ಕಣ್ಣು. ದೊಡ್ಡ ಬೂಸ್ಟರ್, ಇಲ್ಲವೇ ಒಂದರ ಹಿಂದೆ ಒಂದು ಎರಡು ಪರದೆ ಇರುವ ಟ್ಯಾಂಡೆಮ್ ಬೂಸ್ಟರ್. ಪೆಡಲ್ ನಿಜಕ್ಕೂ ಬೆಣ್ಣೆಯಾಗುತ್ತದೆ. ಮೊಣಕಾಲು ನೋವಿನವರು ಒಮ್ಮೆ ಓಡಿಸಿದರೆ ಬಿಡುವುದಿಲ್ಲ. ಆದರೆ ಖಾಲಿ ಗಾಡಿಯಲ್ಲಿ, ಒದ್ದೆ ರಸ್ತೆಯಲ್ಲಿ ಕಾಲು ತಾಗಿಸಿದರೆ ಸಾಕು, ಹಿಂದಿನ ಚಕ್ರ ಕಟ್ಟಿ ಬಾಲ ತಿರುಗುತ್ತದೆ. ಜಾಗದ ತೊಂದರೆಯೂ ಇದೆ, ಕ್ಲಚ್ಚಿನ ಸಿಲಿಂಡರಿಗೋ ವೈರಿಂಗಿಗೋ ತಾಗುತ್ತದೆ. ಕಾಯ್ದೆಯ ಮಾತು ಆಗಲೇ ಹೇಳಿದೆ.

ನನ್ನ ಮರ್ಯಾದೆ ಹೋಗಿದ್ದು ಇಲ್ಲೇ. ಗುಜರಿಯೊಂದರಿಂದ ಬೇರೆ ಗಾಡಿಯ ದೊಡ್ಡ ಬೂಸ್ಟರ್ ತಂದೆ. "ಸೇಮ್ ಬರ್ತದೆ, ಕಣ್ಣು ಮುಚ್ಚಿ ಹಾಕಿ" ಅಂದರು, ನಾನು ನಿಜವಾಗಿಯೂ ಕಣ್ಣು ಮುಚ್ಚಿಯೇ ಹಾಕಿದೆ. ಬೋಲ್ಟು ಕೂತಿತು. ಮನೆ ಮುಂದೆ ಎರಡು ಸುತ್ತು, ಪೆಡಲ್ ಹೂವಿನ ಹಾಗೆ. ಮರುದಿನ ಕಾರವಾರಕ್ಕೆ ಹೋಗಿ ವಾಪಸು ಬರುವಾಗ ಗಾಡಿ ಯಾರೋ ಹಿಂದೆ ಹಗ್ಗ ಕಟ್ಟಿ ಎಳೆದ ಹಾಗೆ ಭಾರ. ಹಾರವಾಡ ದಾಟುವಷ್ಟರಲ್ಲಿ ಮುಂದಿನ ಎರಡೂ ಚಕ್ರದಿಂದ ಹೊಗೆ, ಸುಟ್ಟ ವಾಸನೆ. ಪೆಡಲ್ ಒಂದಿಂಚೂ ಇಳಿಯದೆ ಕಲ್ಲಾಗಿತ್ತು. ಗಾಡಿ ಬದಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಮಾಸ್ಟರ್ ಸಿಲಿಂಡರಿನ ಎರಡು ನಟ್ಟು ಸ್ವಲ್ಪ ಸಡಿಲಿಸಿದೆ. ಬ್ರೇಕು ಬಿಟ್ಟುಕೊಂಡಿತು.

ಕಾರಣ ಇಷ್ಟೇ. ಬೂಸ್ಟರಿನ ಮುಂದಿನ ರಾಡ್ ಎರಡು ಮಿಲಿಮೀಟರ್ ಉದ್ದ ಇತ್ತು. ಕಾಲು ತೆಗೆದರೂ ಅದು ಸಿಲಿಂಡರಿನ ಪಿಸ್ಟನ್ನನ್ನು ಒತ್ತಿಯೇ ಇರುತ್ತಿತ್ತು. ಬ್ರೇಕ್ ಆಯಿಲ್ ಡಬ್ಬಿಗೆ ವಾಪಸು ಬರುವ ತೂತು ಮುಚ್ಚಿತ್ತು. ಆಯಿಲ್ ಬಿಸಿಯಾಗಿ ಉಬ್ಬುತ್ತಿದ್ದ ಹಾಗೆ ಬ್ರೇಕ್ ತಾನೇ ಹಿಡಿದುಕೊಂಡಿತು. ರಾಡಿಗೂ ಪಿಸ್ಟನ್ನಿಗೂ ನಡುವೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಷ್ಟು ಸಂದು ಇರಬೇಕು, ನಿಮ್ಮ ಗಾಡಿಯ ಲೆಕ್ಕ ಅದರ ಮ್ಯಾನುಯಲ್‌ನಲ್ಲಿ ಇರುತ್ತದೆ. ಸಂದು ಜಾಸ್ತಿಯಾದರೆ ಪೆಡಲ್ ಆಳಕ್ಕೆ ಹೋಗುತ್ತದೆ, ಇಲ್ಲದಿದ್ದರೆ ನನ್ನ ಕಥೆ.

ಈಗ ನಾನು ಅಳೆಯುವುದು ಚಪಾತಿ ಕಣಕದಿಂದ. ರಾಡಿನ ತುದಿಗೆ ಕಡಲೆಕಾಳಿನಷ್ಟು ಕಣಕ ಅಂಟಿಸಿ, ಮಾಸ್ಟರ್ ಸಿಲಿಂಡರ್ ಕೂರಿಸಿ ನಟ್ಟು ಬಿಗಿದು, ಮತ್ತೆ ಬಿಚ್ಚಿ ನೋಡುವುದು. ಚಪ್ಪಟೆಯಾದ ಕಣಕದ ದಪ್ಪವೇ ಸಂದು. ಪೂರ್ತಿ ಹಿಂಡಿ ಹೋಗಿ ಲೋಹ ಕಂಡರೆ ರಾಡ್ ಉದ್ದ. ಅಳೆದಾದ ಮೇಲೆ ಪೂರ್ತಿ ಒರೆಸಿ ತೆಗೆಯಿರಿ. ಮನೆಯಲ್ಲಿ ಕೇಳಿದರೆ ಹೇಳಲು ಬೇರೆ ಕಾರಣ ಹುಡುಕಿಟ್ಟುಕೊಳ್ಳಿ.

ನಾಲ್ಕನೇ ದಾರಿ 12 ವೋಲ್ಟಿನ ಎಲೆಕ್ಟ್ರಿಕ್ ವ್ಯಾಕ್ಯೂಮ್ ಪಂಪ್. ಹೆಲ್ಲಾದಂಥ ಕಂಪನಿಗಳು ಮಾಡುತ್ತವೆ, ಎಲೆಕ್ಟ್ರಿಕ್ ಕಾರುಗಳಲ್ಲೂ ಇಂಥದ್ದು ಇರುತ್ತದೆ. ಎಳೆತ ಕಮ್ಮಿಯಾದಾಗ ಒಂದು ಸ್ವಿಚ್ ಇದನ್ನು ಚಾಲು ಮಾಡುತ್ತದೆ. ಇಂಜಿನ್ ನಿಂತರೂ ಬ್ರೇಕಿನ ಸಹಾಯ ನಿಲ್ಲದಿರುವುದು ಇದರ ದೊಡ್ಡ ಗುಣ. ಆದರೆ ಯಾರಿಗೆ ಬೇಕು? ಐಡಲ್‌ನಲ್ಲಿ ಡೈನಮೋ ನಿಧಾನ, ಪಂಪೂ ನಿಧಾನ. ಸಂತೆಯ ದಿನ ಪೇಟೆಯಲ್ಲಿ ಹತ್ತು ಹೆಜ್ಜೆಗೊಮ್ಮೆ ಬ್ರೇಕ್ ಒತ್ತುವವರಿಗೆ ಎಳೆತ ಸಾಲದೆ ಹೋಗಬಹುದು, ಅವರಿಗೆ ಉಪಯೋಗ. ಘಾಟಿ ಇಳಿಯುವವರಿಗೆ ಅಷ್ಟಿಲ್ಲ. ಎರಡನೇ ಗೇರಿನಲ್ಲಿ ಇಳಿಯುವಾಗ ಇಂಜಿನ್ ಜೋರಾಗಿ ತಿರುಗುತ್ತದೆ, ಹಳೇ ಪಂಪೇ ಬೇಕಾದಷ್ಟು ಎಳೆಯುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಂಜಿನ್ ಬಂದ್ ಮಾಡಿ ಇಳಿಯುವ ಮಹಾನುಭಾವರಿಗೆ ಒಂದೆರಡು ಸಲ ಒತ್ತುವಷ್ಟು ಎಳೆತ ಮಾತ್ರ ಉಳಿದಿರುತ್ತದೆ, ಜೊತೆಗೆ ಪವರ್ ಸ್ಟೇರಿಂಗೂ ಹೋಗುತ್ತದೆ. ಅವರಿಗೆ ಪಂಪ್ ಅಲ್ಲ, ಬುದ್ಧಿ ಬೇಕು.

ಹಾಕುವುದಾದರೆ ರಿಲೇ, ಫ್ಯೂಸ್, ಎರಡೂ ಪಂಪಿನ ದಾರಿಗೆ ಒಂದೊಂದು ಚೆಕ್ ವಾಲ್ವ್ ಬೇಕೇ ಬೇಕು. ಇಲ್ಲದಿದ್ದರೆ ಒಂದು ಎಳೆದದ್ದನ್ನು ಇನ್ನೊಂದು ಸೋರಿಸುತ್ತದೆ. ನಮ್ಮ ಉಪ್ಪುಗಾಳಿಗೆ ಕನೆಕ್ಟರುಗಳು ಹಸಿರಾಗುತ್ತವೆ, ಆದಷ್ಟು ಎತ್ತರದಲ್ಲಿ ಕೂರಿಸಿ. ಪಂಪ್ ನಿಲ್ಲದೆ ಗುಂಯ್ ಅನ್ನುತ್ತಿದ್ದರೆ ಎಲ್ಲೋ ಸೋರುತ್ತಿದೆ. ಅದನ್ನು ಮೊದಲು ಹುಡುಕಿ. ವೈರಿಂಗ್ ಬರುವವರಿಗೆ ಒಂದು ದಿನದ ಕೆಲಸ, ಖರ್ಚು ಹೊಸ ಬೂಸ್ಟರಿಗಿಂತ ಕಮ್ಮಿಯೇನಲ್ಲ.

ಉಳಿದವನ್ನು ಬೇಗ ಮುಗಿಸುತ್ತೇನೆ. ಹೈಡ್ರೋಬೂಸ್ಟ್ ಅಂತ ಒಂದಿದೆ, ಪವರ್ ಸ್ಟೇರಿಂಗ್ ಪಂಪಿನ ಒತ್ತಡದಿಂದ ಬ್ರೇಕಿಗೆ ಬಲ ಕೊಡುವುದು. 1970ರ ದಶಕದಿಂದ ಅಮೆರಿಕದ ದೊಡ್ಡ ಪಿಕಪ್ಪುಗಳಲ್ಲಿದೆ, ಅಲ್ಲಿ ಮನೆಯಲ್ಲೇ ಕೂರಿಸುವವರೂ ಇದ್ದಾರೆ. ವಿಡಿಯೋ ನೋಡಿ ಆಸೆಪಡಬೇಡಿ. ಇಲ್ಲಿ ಸಾಮಾನು ಸಿಗುವುದಿಲ್ಲ. ಸ್ಟೇರಿಂಗ್ ಆಯಿಲ್ ಒಂದು ಹನಿ ಬ್ರೇಕ್ ಆಯಿಲಿಗೆ ಸೇರಿದರೂ ರಬ್ಬರ್ ಎಲ್ಲ ಊದಿಕೊಳ್ಳುತ್ತದೆ. ಕಾರುಗಳ ಜಾಹೀರಾತಿನಲ್ಲಿ ಬರುವ ಎಲೆಕ್ಟ್ರಾನಿಕ್ ಬ್ರೇಕ್ ಅಸಿಸ್ಟ್ ಬೇರೆಯೇ ವಿಷಯ. ಚಾಲಕ ಗಾಬರಿಯಿಂದ ಒತ್ತಿದ್ದನ್ನು ಗುರುತಿಸಿ ಪೂರ್ತಿ ಬ್ರೇಕ್ ಹಾಕುವ ಆ ವ್ಯವಸ್ಥೆಯನ್ನು ಮರ್ಸಿಡಿಸ್ ಬೆಂಜ್ 1996ರಲ್ಲಿ ತಂದಿತು. ಅದನ್ನು ಹಳೇ ಪಿಕಪ್ಪಿಗೆ ಶೆಡ್ಡಿನಲ್ಲಿ ಕೂತು ಸೇರಿಸುವುದು ಆಗದ ಮಾತು.

ಈಗ ಬೂಸ್ಟರಿನ ಮೇಲೆ ಸುಮ್ನೆ ಅಪವಾದ ಬರುವ ಒಂದು ಕಾರಣ. ನಮ್ಮ ಕಡೆ ಹೊಸ ಪಿಕಪ್ ಬಂದ ತಿಂಗಳಲ್ಲೇ ಹಿಂದಿನ ಸ್ಪ್ರಿಂಗಿಗೆ ಒಂದೆರಡು ಪ್ಲೇಟ್ ಜಾಸ್ತಿ ಹಾಕಿಸುತ್ತಾರೆ, ಲೋಡ್ ಹೊರಲಿ ಅಂತ. ಹಿಂದಿನ ಆಕ್ಸಲ್ಲಿನ ಹತ್ತಿರ ಚಾಸಿಗೆ ಕೂರಿಸಿದ ಒಂದು ವಾಲ್ವ್ ಇರುತ್ತದೆ, ಅದರಿಂದ ಆಕ್ಸಲ್ಲಿಗೆ ಒಂದು ಸಣ್ಣ ರಾಡ್. ಲೋಡ್ ಬಿದ್ದು ಗಾಡಿ ಕುಗ್ಗಿದಾಗ ಆ ರಾಡ್ ವಾಲ್ವನ್ನು ತಿರುಗಿಸಿ ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುತ್ತದೆ. ಪ್ಲೇಟ್ ಹಾಕಿಸಿದ ಗಾಡಿ ಕುಗ್ಗುವುದೇ ಇಲ್ಲ. ವಾಲ್ವಿಗೆ ಗಾಡಿ ಖಾಲಿ ಇದೆ ಅಂತಲೇ ಲೆಕ್ಕ. ಹಿಂದಿನ ಬ್ರೇಕ್ ಅರೆಬರೆ ಹಿಡಿಯುತ್ತದೆ, ಭಾರವೆಲ್ಲ ಮುಂದಿನ ಡಿಸ್ಕಿನ ಮೇಲೆ. ಚಾಲಕ ಹೇಳುತ್ತಾನೆ, "ಬೂಸ್ಟರ್ ಸಾಲ್ತಿಲ್ಲ." ಮೀನಿನ ಗಾಡಿಗಳಲ್ಲಿ ಈ ರಾಡು ಉಪ್ಪಿಗೆ ತುಕ್ಕು ಹಿಡಿದು ಅಲ್ಲಾಡುವುದೇ ಇಲ್ಲ. ಮನೆಯಲ್ಲಿ ನೀವು ಮಾಡಬಹುದಾದದ್ದು ತೊಳೆದು, ಜಾಯಿಂಟಿಗೆ ಗ್ರೀಸ್ ಹಾಕಿ, ಕೈಯಲ್ಲಿ ಆಡುತ್ತದಾ ನೋಡುವುದು. ಸೆಟ್ಟಿಂಗ್ ಮಾತ್ರ ಪ್ರೆಶರ್ ಗೇಜ್ ಇರುವ ವರ್ಕ್‌ಶಾಪಿನಲ್ಲಿ ಮಾಡಿಸಿ. "ವಾಲ್ವ್ ತೆಗೆದು ಡೈರೆಕ್ಟ್ ಕೊಡ್ತೇನೆ" ಅನ್ನುವವರ ಹತ್ತಿರ ಗಾಡಿ ಬಿಡಬೇಡಿ. ಮಳೆಯಲ್ಲಿ ಖಾಲಿ ಗಾಡಿ ಅರಬೈಲ್ ಘಾಟಿಯ ತಿರುವಿನಲ್ಲಿ ಅಡ್ಡ ನಿಲ್ಲುತ್ತದೆ.

ಹಾಗಾದರೆ ಯಾರು ಏನು ಮಾಡಬೇಕು? ಬಂದರಿನಿಂದ ಹೆದ್ದಾರಿಯಲ್ಲಿ ಓಡುವವರ ದುಡ್ಡು ಮೊದಲು ಹೋಗಬೇಕಾದದ್ದು ತುಕ್ಕು ಹಿಡಿದ ಬ್ರೇಕ್ ಪೈಪು ಮತ್ತು ಆ ಹಿಂದಿನ ವಾಲ್ವಿಗೆ, ಆಮೇಲೆ ಬೂಸ್ಟರ್ ಪೈಪಿಗೆ. ಪರೀಕ್ಷೆಯಲ್ಲಿ ಬೂಸ್ಟರ್ ಫೇಲಾದರೆ ಅದೇ ಅಳತೆಯ ಹೊಸದು. ಘಾಟಿಯವರಿಗೆ ಕಾಡುವುದು ಬಿಸಿ. ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಲೈನರ್ ಕಾದಿದೆ, ಪೆಡಲ್ ಮೆತ್ತಗಾಗಿ ಒಳಗೆ ಹೋದರೆ ಬ್ರೇಕ್ ಆಯಿಲ್ ಕುದಿದಿದೆ. ಎರಡಕ್ಕೂ ಬೂಸ್ಟರ್ ಮದ್ದಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಕುಡಿಯುತ್ತದೆ, ನಮ್ಮ ಮಳೆಗೆ ಕೇಳಬೇಕಾ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯದೆ ಕಮ್ಮಿ ಅಂದರೂ 230 ಡಿಗ್ರಿ ಸೆಲ್ಸಿಯಸ್ ತಾಳಬೇಕು, ತೇವ ಕುಡಿದ ಮೇಲೆ ಆ ಮಿತಿ 155. ಡಾಟ್ 3ಕ್ಕೆ ಇದು 205 ಮತ್ತು 140. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ, ಹಿಂದಿನ ಡ್ರಮ್ ಅಡ್ಜಸ್ಟ್ ಮಾಡಿ, ಗೇರಿನ ಮೇಲೆ ಇಳಿಯಿರಿ. ಇಷ್ಟಾದ ಮೇಲೂ ಕಾಲು ನೋಯುತ್ತಿದ್ದರೆ ಪಂಪನ್ನು ಗೇಜಿನಲ್ಲಿ ಅಳೆಯಿರಿ.

ಮನೆಬಳಕೆಯವರು, ಅದರಲ್ಲೂ ವಯಸ್ಸಾದವರೂ ಓಡಿಸುವ ಮನೆಯವರು, ಪೆಡಲ್ ಹಗುರ ಬೇಕು ಅನ್ನುವುದರಲ್ಲಿ ತಪ್ಪಿಲ್ಲ. ಅದೇ ಮಾಡೆಲ್ಲಿನ ಹೊಸ ಆವೃತ್ತಿಗೆ ಕಂಪನಿಯೇ ದೊಡ್ಡ ಬೂಸ್ಟರ್ ಕೊಟ್ಟಿದ್ದರೆ, ಅದರ ಮಾಸ್ಟರ್ ಸಿಲಿಂಡರ್ ಸಮೇತ, ಕಂಪನಿ ವರ್ಕ್‌ಶಾಪಿನವರನ್ನು ಕೇಳಿ, ಆರ್‌ಟಿಒದಲ್ಲೂ ವಿಚಾರಿಸಿ ಹಾಕಿಸಿ. ಬೇರೆ ಗಾಡಿಯದ್ದು ತಂದು ಜೋಡಿಸಬೇಡಿ, ನನ್ನ ಹೊಗೆ ನೆನಪಿಸಿಕೊಳ್ಳಿ.

ಮನೆಯಲ್ಲೇ ಮಾಡುವವರಿಗೆ: ಸಮನೆಲ, ಬರೀ ಜಾಕ್ ನಂಬದೆ ಸ್ಟ್ಯಾಂಡ್, ಪೈಪಿನ ನಟ್ಟಿಗೆ ಫ್ಲೇರ್ ಸ್ಪ್ಯಾನರ್ (ನಟ್ಟನ್ನು ಸುತ್ತಲೂ ಹಿಡಿಯುವ, ಪೈಪ್ ತೂರಲು ಬಾಯಿ ಇರುವ ಸ್ಪ್ಯಾನರ್). ಪೈಪ್ ಬಿಚ್ಚಿದರೆ ಏರ್ ತೆಗೆಯಲೇಬೇಕು. ನಮ್ಮ ಬಲಗಡೆ ಸ್ಟೇರಿಂಗಿನ ಗಾಡಿಗಳಲ್ಲಿ ಸಾಮಾನ್ಯವಾಗಿ ದೂರದ ಹಿಂದಿನ ಎಡ ಚಕ್ರದಿಂದ ಶುರು, ಮುಂದಿನ ಬಲ ಚಕ್ರ ಕೊನೆಗೆ. ಎಲ್ಲ ಮುಗಿದ ಮೇಲೆ ಖಾಲಿ ಗಾಡಿಯನ್ನು ಬಯಲಲ್ಲಿ ಓಡಿಸಿ, ಆಮೇಲೆ ಹತ್ತು ಕಿಲೋಮೀಟರ್ ರಸ್ತೆಯಲ್ಲಿ. ನಿಲ್ಲಿಸಿ, ಕೈಯ ಹಿಂಭಾಗವನ್ನು ಒಂದೊಂದೇ ರಿಮ್ಮಿನ ಹತ್ತಿರ ಒಯ್ಯಿರಿ, ಮುಟ್ಟಬೇಡಿ. ಮುಂದಿನ ಎರಡೂ ಒಂದೇ ಬಿಸಿ ಇರಬೇಕು. ಒಂದು ಮಾತ್ರ ಬಿಸಿ ಅಂದರೆ ಆ ಚಕ್ರದ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ನೋಡಿ. ಎರಡೂ ಕಾದು ಗಾಡಿ ತಳ್ಳಿದರೆ ಉರುಳದಿದ್ದರೆ, ಕಣಕ ಕಲಸಿ.